ಎಸ್‌ಆರ್‌ಟಿಪಿ ಡಿಕ್ರಿಪ್ಷನ್ ನಾವೇ ಬರೆದರೆ ಸ್ಪೀಡ್ ಜಾಸ್ತಿ ಸಿಗುತ್ತದಾ?

ಎಸ್‌ಆರ್‌ಟಿಪಿ ಅಂದರೆ ಇಂಟರ್ನೆಟ್ ಕಾಲ್‌ನ ದನಿ, ವಿಡಿಯೊ ಪ್ಯಾಕೆಟ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸುವ ಪದ್ಧತಿ. ಅವನ್ನು ಬಿಡಿಸಲು ಸಿದ್ಧ ಲೈಬ್ರರಿ ಬಿಟ್ಟು ಸ್ವಂತ ಕೋಡ್ ಬರೆಯುವ ಯೋಚನೆ ನಿಮ್ಮದು. ನನ್ನದೂ ಅದೇ ಆಗಿತ್ತು. ಆಗ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿದ್ದೆ. ಗದಗ, ಹಾವೇರಿ ಕಡೆಯ ರೋಗಿಗಳು ಡಾಕ್ಟರ್ ಜೊತೆ ಮಾತಾಡುವ ಆ್ಯಪ್ ನಮ್ಮದು.

ಆಫೀಸ್ ವೈಫೈನಲ್ಲಿ ಎಲ್ಲ ಸರಿ. ಹೊರಗೆ ಮಾತ್ರ ಕೆಲವು ಕಾಲ್‌ಗಳಲ್ಲಿ ದನಿ ನಿಂತೇ ಹೋಗುತ್ತಿತ್ತು. ಒಮ್ಮೆ ಶುರುವಿನಲ್ಲೇ, ಒಮ್ಮೆ ಇಪ್ಪತ್ತು ನಿಮಿಷ ಕಳೆದ ಮೇಲೆ. ನೆಟ್‌ವರ್ಕ್‌ಗೆ ಬೈದು ಸುಮ್ನಾದೆವು.

ತಪ್ಪು ನನ್ನ ಕೋಡ್‌ನಲ್ಲಿತ್ತು. ಪ್ಯಾಕೆಟ್‌ನ ಸೀಕ್ವೆನ್ಸ್ ನಂಬರ್ 16 ಬಿಟ್; 65535 ಆದ ಮೇಲೆ ಮತ್ತೆ 0. ಆಡಿಯೊ ಪ್ಯಾಕೆಟ್ 20 ಮಿಲಿಸೆಕೆಂಡಿಗೊಂದು ಬಂದರೆ ಸುಮಾರು 22 ನಿಮಿಷಕ್ಕೆ ಒಂದು ಸುತ್ತು. ಶುರುವಿನ ನಂಬರ್ ರ‍್ಯಾಂಡಮ್, ಹಾಗಾಗಿ ಮೊದಲ ಸುತ್ತು ಯಾವಾಗ ಬೇಕಾದರೂ ಮುಗಿಯಬಹುದು. ಎಷ್ಟು ಸುತ್ತಾಯಿತು ಅನ್ನುವ ರೋಲ್‌ಓವರ್ ಕೌಂಟರ್ ಪ್ಯಾಕೆಟ್‌ನಲ್ಲಿ ಬರುವುದಿಲ್ಲ. ಎರಡೂ ಕಡೆ ತಾವೇ ಎಣಿಸಬೇಕು. ಎಣಿಕೆ ತಪ್ಪಿದರೆ ಕೀ ಸರಿಯಿದ್ದರೂ ಟ್ಯಾಗ್, ಅಂದರೆ ಪ್ಯಾಕೆಟ್ ಅಸಲಿಯಾ ಅಂತ ಪರೀಕ್ಷಿಸುವ ಗುರುತು, ತಾಳೆಯಾಗುವುದಿಲ್ಲ; ಪ್ಯಾಕೆಟ್ ಬಿಸಾಕಬೇಕಾಗುತ್ತದೆ.

ನಂಬರ್ ಒಮ್ಮೆಲೇ ಬಹಳ ಇಳಿದರೆ ಕೌಂಟರ್ ಏರಿಸು ಅಂತ ಬರೆದಿದ್ದೆ. ಮೊಬೈಲ್ ಡೇಟಾದಲ್ಲಿ 0 ಮೊದಲು ಬಂದು 65535 ಆಮೇಲೆ ಬಂತು ಅನ್ನಿ. 0 ಬಂದಾಗ ಕೌಂಟರ್ ಏರಿತು, ಸರಿಯೇ. ತಡವಾಗಿ ಬಂದ 65535 ಹಳೇ ಸುತ್ತಿನದು, ಟ್ಯಾಗ್ ತಾಳೆಯಾಗದೆ ಬಿದ್ದುಹೋಯಿತು. ಹೋಗಲಿ, ಒಂದು ಪ್ಯಾಕೆಟ್ ಯಾರಿಗೂ ಗೊತ್ತಾಗದು. ಆದರೆ ಟ್ಯಾಗ್ ನೋಡುವ ಮೊದಲೇ ‘ಕೊನೆಗೆ ಬಂದದ್ದು 65535’ ಅಂತ ನಾನು ಬರೆದಿಟ್ಟುಕೊಂಡಿದ್ದೆ! ಮುಂದೆ 1 ಬಂದಾಗ ಇನ್ನೊಂದು ಸುತ್ತು ಮುಗಿಯಿತೆಂದು ಕೌಂಟರ್ ಮತ್ತೆ ಏರಿತು. ಅಲ್ಲಿಂದಾಚೆ ಒಂದು ಪ್ಯಾಕೆಟ್ಟೂ ತೆರೆಯಲಿಲ್ಲ. ಲಾಗ್ ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋದಾಗಲೇ ಇದು ಸಿಕ್ಕಿದ್ದು.

ಎಸ್‌ಆರ್‌ಟಿಪಿಯ ನಿಯಮಗಳಿರುವ ದಾಖಲೆ, 2004ರ ಆರ್‌ಎಫ್‌ಸಿ 3711ರಲ್ಲಿ ಕ್ರಮ ಸ್ಪಷ್ಟವಾಗಿದೆ: ಸುತ್ತು ಊಹಿಸು, ಹಳೇ ಪ್ಯಾಕೆಟ್ ಮತ್ತೆ ಬಂದಿದೆಯಾ ನೋಡು, ಟ್ಯಾಗ್ ಪರೀಕ್ಷಿಸು, ಆಮೇಲೆ ಮಾತ್ರ ಲೆಕ್ಕ ಬದಲಿಸು. ನಾನು ಓದಿದ್ದು ತಡವಾಗಿ.

ಸ್ಪೀಡ್ ಇಲ್ಲಿ ಪ್ರಶ್ನೆಯೇ ಅಲ್ಲ ಬಿಡ್ರಿ. ಸೆಕೆಂಡಿಗೆ 50 ಸಣ್ಣ ಪ್ಯಾಕೆಟ್ ಬಿಡಿಸುವುದು ಈಗಿನ ಫೋನಿಗೆ ಕೆಲಸವೇ ಅಲ್ಲ. ಸಿಸ್ಕೋದವರ ಲಿಬ್‌ಎಸ್‌ಆರ್‌ಟಿಪಿ ಲೈಬ್ರರಿ ಹಾಕಿಕೊಳ್ಳಿ. ಒಂದೇ ಪೋರ್ಟಿಗೆ ಬೇರೆಬೇರೆ ಬಗೆಯ ಪ್ಯಾಕೆಟ್ ಬರುತ್ತಿದ್ದರೆ, ನಿಮ್ಮ ಕೋಡ್ ಮೊದಲ ಬೈಟ್ ನೋಡಿ ವಿಂಗಡಿಸಲಿ: 0–3 ಸ್ಟನ್ (ಎರಡು ಫೋನ್‌ಗಳ ನಡುವೆ ದಾರಿ ಹುಡುಕುವುದು), 20–63 ಡಿಟಿಎಲ್‌ಎಸ್ (ಕೀ ಗೊತ್ತುಮಾಡಿಕೊಳ್ಳುವುದು), 128–191 ಮೀಡಿಯಾ. ಕಳಿಸುವಾಗ ಟ್ಯಾಗ್‌ಗೆ ಬಫರ್ ಕೊನೆಯಲ್ಲಿ ಜಾಗ ಬಿಡಿ, ಸಾಮಾನ್ಯವಾಗಿ 10 ಬೈಟ್.

ಇಷ್ಟಾದರೂ ಸ್ವಂತದ್ದೇ ಬೇಕು ಅಂದರೆ, 65530ರಿಂದ ನಂಬರ್ ಶುರುಮಾಡಿ, ಪ್ಯಾಕೆಟ್ ಹಿಂದುಮುಂದು ಕಳಿಸುವ ಟೆಸ್ಟ್ ಮೊದಲು ಬರೆಯಿರಿ.