ಮಿರ್ಜಾನ ಕೋಟೆಯಲ್ಲಿ ನೋಡುವುದೇನಿದೆ?

ಪ್ರಿಯ ಸೋದರಿ,

ನಿಮ್ಮ ಪತ್ರ ಓದಿ ನನಗೆ ಬೇಸರವಾಯಿತು. ಬೇಸರ ನಿಮ್ಮ ಮೇಲಲ್ಲ, ನಮ್ಮ ಮೇಲೆ. ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದ ‘ಎರಡು ದಿನ, ಏಳು ತಾಣ’ ಎಂಬ ಉತ್ತರ ಕನ್ನಡ ಪ್ರವಾಸದ ಪಟ್ಟಿಯನ್ನು ನಂಬಿ, ಶನಿವಾರ ಭಾನುವಾರದ ರಜೆಯಲ್ಲಿ ಅತ್ತೆ, ಮಕ್ಕಳ ಸಮೇತ ಕಾರಿನಲ್ಲಿ ಹೊರಟಿರಿ. ಮುರುಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಯಾಣ, ಮಿರ್ಜಾನ, ಗೋಕರ್ಣ, ಓಂ ಬೀಚ್ ಎಲ್ಲವನ್ನೂ ಮುಗಿಸಿದಿರಿ. ಮಂಡಿ ನೋವಿನ ಅತ್ತೆಯವರು ಹೆಚ್ಚು ಹೊತ್ತು ಕಾರಿನಲ್ಲೇ ಕೂತಿದ್ದರು. ಮಿರ್ಜಾನ ಕೋಟೆಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. “ಮುರಿದ ಗೋಡೆ, ಹುಲ್ಲು ಬಿಟ್ಟರೆ ಅಲ್ಲಿ ನೋಡುವುದೇನಿದೆ ಸ್ವಾಮಿ?” ಎಂದು ಕೇಳಿದ್ದೀರಿ.

ಆ ಪಟ್ಟಿಯನ್ನು ಅಚ್ಚಿಗೆ ಕಳಿಸಿದವನು ನಾನು. ಅದು ತಪ್ಪು. ಅಂಥ ಪಟ್ಟಿ ಇನ್ನು ನಮ್ಮಲ್ಲಿ ಬರುವುದಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡದೆ ಬಿಡಲಾರೆ, ಏಕೆಂದರೆ ಮಿರ್ಜಾನ ನನಗೆ ತುಂಬ ಇಷ್ಟದ ಜಾಗ.

ಮೊದಲು ಗೋಡೆ ಮುಟ್ಟಿ ನೋಡಬೇಕಿತ್ತು. ಕೋಟೆಯ ಗೋಡೆ ಚಿರೆಕಲ್ಲಿನದು. ಈ ಕಲ್ಲು ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮೈತುಂಬ ಜೇನುಗೂಡಿನ ಹಾಗೆ ತೂತು. ಮಳೆಗಾಲದಲ್ಲಿ ಆ ತೂತುಗಳಲ್ಲಿ ನೀರು ನಿಂತು, ಹಾವಸೆ ಹಿಡಿದು, ಇಡೀ ಬುರುಜು ಹಸಿರಾಗುತ್ತದೆ. ಒಂದು ತೂತಿನಲ್ಲಿ ಬೆರಳುದ್ದದ ಜರೀಗಿಡ ಬೆಳೆದು, ಅದರ ತುದಿಯಿಂದ ಹನಿ ಬೀಳುವುದನ್ನು ನೋಡುತ್ತ ನಾನು ಬಹಳ ಹೊತ್ತು ನಿಂತಿದ್ದೆ. ಒಳಗೆ ದುಂಡು ಬಾವಿಗಳಿವೆ, ಹೊರಗೆ ಕಂದಕವಿದೆ. ಊರೊಳಗೆ ಬಂದರೆ ಅದೇ ಚಿರೆಕಲ್ಲು ಮನೆಯ ಗೋಡೆಯಲ್ಲಿ, ತೋಟದ ಪಾಗಾರದಲ್ಲಿ ಸಿಗುತ್ತದೆ. ಮಕ್ಕಳಿಗೆ ಒಮ್ಮೆ ತೋರಿಸಿದರೆ ಸಾಕು, ಆಮೇಲೆ ಅವರೇ ಹುಡುಕಿ ತೋರಿಸುತ್ತಾರೆ.

ಆದರೂ ಕೋಟೆ ಅಲ್ಲಿ ಏಕಿದೆ ಎಂಬುದು ಕೋಟೆಯೊಳಗೆ ನಿಂತರೆ ತಿಳಿಯದು. ಅದಕ್ಕೆ ಅಘನಾಶಿನಿ ನದಿಯ ಹತ್ತಿರ ಹೋಗಬೇಕು. ಘಟ್ಟದ ಮೇಲಿನ ಅಡಿಕೆ ತೋಟಗಳಲ್ಲಿ ಹಬ್ಬಿದ ಮೆಣಸಿನ ಬಳ್ಳಿಯ ಕಾಳು ಇಳಿದು ಬಂದು ಹಡಗು ಹತ್ತುತ್ತಿದ್ದುದು ಈ ಕರಾವಳಿಯ ಬಂದರುಗಳಲ್ಲಿ. ಮಿರ್ಜಾನವೂ ಅಂಥದ್ದೊಂದು ಬಂದರು. 1552ರಿಂದ 1606ರವರೆಗೆ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದೇ ಕರೆದರು. ಕೋಟೆ ಅವಳದೆಂದು ಜನ ನೆನೆಯುತ್ತಾರೆ. ಐವತ್ತನಾಲ್ಕು ವರ್ಷ ಆಳಿದ ಹೆಣ್ಣುಮಗಳು ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತಳು. ಅವಳ ಹೆಸರನ್ನು ನಿಮ್ಮ ಮಗಳಿಗೆ ಅಲ್ಲಿಯೇ ನಿಂತು ಹೇಳಿ.

ಇನ್ನು ಅತ್ತೆಯವರ ಮಾತು. ಅವರು ಮದ್ದೂರು ಸೀಮೆಯಲ್ಲಿ ಭತ್ತ ಬೆಳೆದವರು ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದೇ ಸಾಲು. ಅವರನ್ನು ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗೆ ಕರೆದುಕೊಂಡು ಹೋಗಿ. ಹೊಳೆಗೆ ಸಮುದ್ರದ ಉಪ್ಪುನೀರು ಏರಿ ಬರುವ ಈ ಜವುಗು ನೆಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಮಳೆ ಬಿದ್ದು ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಬೀಜ ಬಿತ್ತುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ನಡುವೆ ಉಪ್ಪುನೀರು ನುಗ್ಗಿದರೂ ಪೈರು ತಡೆದು ನಿಲ್ಲುತ್ತದೆ. ಕೊಯ್ಲಿನಲ್ಲಿ ತೆನೆಯ ಭಾಗವನ್ನು ಕೊಯ್ದು, ಉಳಿದ ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಆಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ನೀರು ಒಳಬಿಡಲು, ಹೊರಬಿಡಲು ಒಡ್ಡಿನಲ್ಲಿ ಹಲಗೆಯ ಬಾಗಿಲು ಇರುತ್ತದೆ, ಅದಕ್ಕೆ ಜಂತ್ರಡಿ ಎನ್ನುತ್ತಾರೆ. ಕಾವೇರಿ ನಾಲೆಯ ನೀರಿನಲ್ಲಿ ನಾಟಿ ಮಾಡಿದ ಕೈಗೆ ಇದು ನಂಬುವ ಮಾತಲ್ಲ. ಬದುವಿನ ಮೇಲೆ ಅವರಿಗೊಂದು ಕುರ್ಚಿ ಹಾಕಿ ಕೂರಿಸಿ, ಗದ್ದೆಯವರ ಹತ್ತಿರ ಮಾತಾಡಲು ಬಿಡಿ. ನಿಮಗಾಗಲಿ ನನಗಾಗಲಿ ಹೊಳೆಯದ ಪ್ರಶ್ನೆಗಳನ್ನು ಅವರು ಕೇಳುತ್ತಾರೆ.

ಮರುದಿನ ಸಮುದ್ರಕ್ಕೆ. ಅಘನಾಶಿನಿ ಊರಿನಿಂದ ತದಡಿಗೆ ಹೊಳೆ ದಾಟುವ ತಾರಿ ದೋಣಿಯಲ್ಲಿ ಹೋಗಿ. ನದಿ ಸಮುದ್ರ ಸೇರುವುದು ಈ ಎರಡು ಊರುಗಳ ನಡುವೆ. ಶಿರಸಿಯಲ್ಲಿ ಹುಟ್ಟಿ ಇಲ್ಲಿಗೆ ಬರುವವರೆಗೆ ಈ ನದಿಗೆ ಒಂದು ಅಣೆಕಟ್ಟೂ ಇಲ್ಲ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜವುಗು ನೆಲಗಳ ಪಟ್ಟಿಗೆ, ಸೇರಿತು. ಇಳಿತದ ಹೊತ್ತಿಗೆ ನೀರು ಸರಿದು ಕೆಸರು ಮೇಲೇಳುತ್ತದೆ, ಹೆಂಗಸರು ಸೊಂಟ ಬಗ್ಗಿಸಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ಹೊತ್ತನ್ನು ದೋಣಿಯವರ ಹತ್ತಿರ ಮೊದಲೇ ಕೇಳಿಕೊಳ್ಳಿ. ಶನಿವಾರದ ಇಳಿತಕ್ಕಿಂತ ಭಾನುವಾರದ್ದು ಸುಮಾರು 50 ನಿಮಿಷ ತಡ. ಬಳಚು ಆರಿಸುವುದು ಅವರ ಹೊಟ್ಟೆಪಾಡು. ದಯವಿಟ್ಟು ಕೇಳದೆ ಫೋಟೊ ತೆಗೆಯಬೇಡಿ.

ಇವೆಲ್ಲ ಇರುವುದು ಕುಮಟಾದ ಆಸುಪಾಸಿನಲ್ಲೇ. ಮಿರ್ಜಾನಕ್ಕೆ ಕುಮಟಾದಿಂದ ಹನ್ನೊಂದು ಕಿಲೋಮೀಟರ್ ಆದೀತು. ಕಾರು ಮನೆಯಲ್ಲಿರಲಿ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಿಗ್ಗೆ ಕುಮಟಾದಲ್ಲಿ ಇಳಿಸುತ್ತದೆ. ಭಾನುವಾರ ಸಂಜೆ ಅದರಲ್ಲೇ ವಾಪಸು ಬರಬಹುದು. ಅತ್ತೆಯವರಿಗೆ ಕೆಳಗಿನ ಬರ್ತ್ ಈಗಲೇ ಕಾದಿರಿಸಿ. ಊರಿನೊಳಗೆ ಓಡಾಡಲು ಆಟೋ ಸಾಕು. ಯಾಣ, ಮುರುಡೇಶ್ವರ ಈ ಸಲ ಬೇಡ.

ದಸರಾ ರಜೆಗೆ ಹೋದರೆ ಕಗ್ಗ ಗದ್ದೆಯಲ್ಲಿ ನಿಂತಿರುತ್ತದೆ, ಕೋಟೆಯ ಹಸಿರೂ ಇನ್ನೂ ಆರಿರುವುದಿಲ್ಲ. ಬೇಸಿಗೆಯಾದರೆ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವುದನ್ನು ನೋಡಬಹುದು, ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿಯೂ ಸಿಗುತ್ತದೆ. ನಾನಾದರೆ ದಸರೆಗೇ ಹೋಗುತ್ತೇನೆ.

ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಅತ್ತೆಯವರು ಗಜನಿಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಅವರಿಗೆ ಸಿಕ್ಕ ಉತ್ತರಗಳನ್ನೂ ಅವರ ಮಾತಿನಲ್ಲೇ ಬರೆದು ಕಳಿಸಿದರೆ, ಆ ಹಳೆಯ ಪಟ್ಟಿ ಬಂದಿದ್ದ ಪುಟದಲ್ಲೇ ಪ್ರಕಟಿಸುತ್ತೇನೆ.

— ಸಂಪಾದಕ