ವಿಂಡೋಸ್ ಕಂಪ್ಯೂಟರ್ ಬೆಳಿಗ್ಗೆ ಚುರುಕು, ಸಂಜೆಗೆ ಮಂದ: ಏಕೆ?

ಹಿನ್ನೆಲೆಯಲ್ಲಿ ಓಡುವ ಯಾವುದೋ ಪ್ರೋಗ್ರಾಂ ಪಡೆದ ಮೆಮೊರಿಯನ್ನು ಹಿಂದಿರುಗಿಸುತ್ತಿಲ್ಲ ಎಂಬುದೇ ನನ್ನ ಮೊದಲ ಅನುಮಾನ. ಇದು ಮೆಮೊರಿ ಸೋರಿಕೆ: ತಿಂಡಿ ಮುಗಿದರೂ ಮೇಜು ಬಿಡದ ಗಿರಾಕಿಯಂತೆ, ಕೆಲಸ ತೀರಿದ ಜಾಗವನ್ನೂ ಹಿಡಿದುಕೊಂಡು ಪ್ರೋಗ್ರಾಂ ಹೊಸ ಜಾಗ ಕೇಳುತ್ತಲೇ ಇರುತ್ತದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ; ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಹಿಡಿದಿದೆ ಎಂದು ಅದು ತೋರಿಸುತ್ತದೆ. ಅಂಕಿ ದೊಡ್ಡದಾಗಿದ್ದ ಮಾತ್ರಕ್ಕೆ ಆ ಪ್ರೋಗ್ರಾಂ ಕಳ್ಳನಲ್ಲ. ಗಂಟೆ ಬಿಟ್ಟು ಮತ್ತೆ ನೋಡಿ; ನೀವೇನೂ ಮಾಡದಿದ್ದರೂ ಮೆಮೊರಿ ಕಾಲಂನಲ್ಲಿ ಏರುತ್ತಲೇ ಇರುವುದನ್ನು ಹಿಡಿಯಿರಿ. ಅದನ್ನು ಮುಚ್ಚಿ, ಅಪ್‌ಡೇಟ್ ಮಾಡಿ. ಆ ಪ್ರೋಗ್ರಾಂ ಬೇಕಿಲ್ಲವೆಂದರೆ, ಕಂಪ್ಯೂಟರ್ ಜೊತೆ ತಾನಾಗಿ ಶುರುವಾಗುವವುಗಳ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ನಿಷ್ಕ್ರಿಯಗೊಳಿಸಿ. (ವಿಂಡೋಸ್‌ನ ಸ್ವಂತ ಪ್ರಕ್ರಿಯೆಗಳನ್ನು ಮಾತ್ರ ಮುಟ್ಟಬೇಡಿ.)

ಅಷ್ಟರಲ್ಲಿ ಹೆಚ್ಚು ಮೆಮೊರಿ, ಅಂದರೆ ರ‍್ಯಾಮ್ ಕೊಳ್ಳಲು ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಓಡಬೇಡಿ. ಸೋರುವ ಪ್ರೋಗ್ರಾಂ 8 ಜಿಬಿ ತುಂಬಿಸಿದಂತೆ 16 ಜಿಬಿಯನ್ನೂ ತುಂಬಿಸುತ್ತದೆ, ತುಸು ತಡವಾಗಿ.