ಕಣಕಾಲು ನೋವಿಗೆ ವೀಗನ್ ಊಟ ಕಾರಣವೇ?

ಹಾಲು, ಮೊಟ್ಟೆ, ಮಾಂಸ ಬಿಟ್ಟು ಓಟ ಶುರು ಮಾಡಿದ ಮೇಲೆ ಕಣಕಾಲು ನೋವು ಬಿಟ್ಟೂಬಿಡದೆ ಕಾಡುತ್ತಿದೆ, ಊಟವೇ ಕಾರಣವಾ ಅಂತ ಕೇಳಿದ್ದೀರಿ. ವೀಗನ್ ಓಟಗಾರ ಸ್ಕಾಟ್ ಜುರೆಕ್ 1999ರಿಂದ 2005ರವರೆಗೆ ಸತತ 7 ಸಲ ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟ ಗೆದ್ದವರು. ಹಾಗಾಗಿ ಮೊದಲು ಅನುಮಾನಪಡಬೇಕಾದ್ದು ಊಟವನ್ನಲ್ಲ, ನೀವು ದೂರ ಏರಿಸಿದ ರೀತಿಯನ್ನು. ದಮ್ಮು ಕೆಲವೇ ವಾರಗಳಲ್ಲಿ ಸುಧಾರಿಸುತ್ತೆ. ಎಲುಬು, ಸ್ನಾಯುರಜ್ಜು ಹದಕ್ಕೆ ಬರಲು ತಿಂಗಳುಗಳೇ ಬೇಕು. ಉಸಿರು ‘ಇನ್ನೂ ಓಡು’ ಅನ್ನುವಾಗಲೇ ಕಾಲು ಕೈಕೊಡೋದು.

ಬೆರಳ ತುದಿಯಿಂದ ಕಣಕಾಲೆಲುಬಿನ ಒಳಅಂಚನ್ನು ಒತ್ತುತ್ತಾ ಬನ್ನಿ. ನೋವು ಗೇಣುದ್ದ ಹರಡಿದ್ದರೆ ಸಾಮಾನ್ಯವಾಗಿ ಅದು ಶಿನ್ ಸ್ಪ್ಲಿಂಟ್ಸ್, ಅಂದರೆ ಅತಿಯಾದ ಓಟದಿಂದ ಕಣಕಾಲೆಲುಬಿನ ಅಂಚಿಗೆ ಬರುವ ನೋವು. ಒಂದೇ ಜಾಗದಲ್ಲಿ ಚುಳ್ ಅಂದರೆ, ಅಥವಾ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕಿರಬಹುದು. ಓಟ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಬರೀ ಶಿನ್ ಸ್ಪ್ಲಿಂಟ್ಸ್ ಆದರೆ ದೂರ ಅರ್ಧಕ್ಕಿಳಿಸಿ, ದಿನ ಬಿಟ್ಟು ದಿನ ಓಡಿ, ನಡುನಡುವೆ ನಡೆಯಿರಿ. ಮೆಟ್ಟಿಲಂಚಿನಲ್ಲಿ ಮುಂಗಾಲೂರಿ ಹಿಮ್ಮಡಿ ಎತ್ತಿ, ನಿಧಾನಕ್ಕೆ ಇಳಿಸಿ. ಬೇಜಾರಿನ ವ್ಯಾಯಾಮ, ಆದರೂ ದುಬಾರಿ ಶೂಗಿಂತ ಇದಕ್ಕೇ ನನ್ನ ಮತ.

ಹಾಗಂತ ಊಟ ಪೂರ್ತಿ ನಿರಪರಾಧಿಯೂ ಅಲ್ಲ. ತೂಕ ಇಳಿಸೋ ಆಸೆಗೆ ಕಡಿಮೆ ತಿಂದು ಹೆಚ್ಚು ಓಡಿದರೆ ಎಲುಬು ಚೇತರಿಸಿಕೊಳ್ಳೋದೇ ಇಲ್ಲ. ಕಾಳು, ಸೋಯಾ ಸೇರಿ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 2 ಗ್ರಾಂ ಪ್ರೋಟೀನ್ ಸಿಗಲಿ. ಬಿ12 ಮಾತ್ರೆ ವಿಷಯದಲ್ಲಿ ಚೌಕಾಸಿ ಬೇಡ. ವಿಟಮಿನ್ ಡಿ, ಫೆರಿಟಿನ್ (ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಅಂತ ತೋರಿಸೋದು) ಎರಡನ್ನೂ ಒಮ್ಮೆ ರಕ್ತ ಪರೀಕ್ಷೆಯಲ್ಲಿ ನೋಡಿಸಿ. ಊಟದ ಜೊತೆಗೇ ಕಾಫಿ, ಟೀ ಕುಡಿಯೋ ಅಭ್ಯಾಸವಿದ್ದರೆ ಬಿಡಿ, ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲ್ಲ.